ಕೊರಗಪ್ಪ ಗುರಿಕಾರರ ಕಣ್ಣು

ದೈವದ ಗುಡಿಯ ಎದುರು ದೀಪ ಮುಟ್ಟಿ ನಾನು ಸುಳ್ಳು ಹೇಳಿದ್ದೇನೆ. ಆ ಸುಳ್ಳಿಗೆ ತಲೆ ತಗ್ಗಿಸಿದವರು ನಿನ್ನ ಅಪ್ಪ ಕೊರಗಪ್ಪ ಗುರಿಕಾರರು, ಜಯಂತಿ. ಕುಂಬಾರ ಐತಪ್ಪನ ಹೆಂಡತಿ ಗಿರಿಜ ಚಕ್ರದ ಎದುರು ಕೂತು ಮಡಕೆ ಮಾಡುವುದನ್ನು ಕಣ್ಣಾರೆ ಕಂಡೆ ಎಂದು ಅವರು ಹತ್ತು ಜನರ ಮುಂದೆ ಹೇಳಿದ್ದು ನೂರಕ್ಕೆ ನೂರು ನಿಜ. ನಾನೂ ಕಂಡಿದ್ದೆ. ಕಂಡಿಲ್ಲ ಎಂದೆ.

ಇದನ್ನು ಓದಿ 'ಟೀಚರಿಗೆ ಈಗ ಪಶ್ಚಾತ್ತಾಪ ಆಗಿದೆ' ಎಂದುಕೊಳ್ಳಬೇಡ. ಅಷ್ಟು ಸುಲಭಕ್ಕೆ ಬಗ್ಗುವ ಹೆಂಗಸು ನಾನಲ್ಲ — ಶಾಲೆಯಲ್ಲಿ ನಿನಗೆ ಡ್ರಾಯಿಂಗ್ ಕಲಿಸಿದವಳು, ನನ್ನ ಮೊಂಡುತನ ನಿನಗೆ ಗೊತ್ತಿದೆ. ಅದೇ ಗುಡಿಯಲ್ಲಿ ಅದೇ ಪ್ರಶ್ನೆ ಇವತ್ತು ಮತ್ತೆ ಕೇಳಿದರೂ ಅದೇ ಉತ್ತರ ಕೊಟ್ಟೇನು. ನಾನು ತಪ್ಪಿದ್ದು ಬೇರೆ ಕಡೆ. ಅದಕ್ಕೂ ಬರುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡದ್ದು ಗಿರಿಜಳಿಗೆ ಕೊಟ್ಟ ಮಾತಿಗಾಗಿ. ಐತಪ್ಪ ಯಾವಾಗಲೋ ತೀರಿಹೋದ. ಗಿರಿಜಳೂ ಕಳೆದ ತಿಂಗಳು ಹೋದಳು.

ಎಪ್ಪತ್ತರ ದಶಕದಲ್ಲಿ ನನಗೆ ಮಡಕೆಯ ಹುಚ್ಚು ಹಿಡಿಯಿತು. ಪುತ್ತೂರಿನ ಅಡಿಗೆಮನೆಗಳಿಗೆ ಅಲ್ಯುಮಿನಿಯಮ್ಮು, ಸ್ಟೀಲು ಬಂದು ಮಣ್ಣಿನ ಪಾತ್ರೆಗಳೆಲ್ಲ ಹಿತ್ತಿಲಿನ ಬಸಳೆಯ ಬುಡ ಸೇರುತ್ತಿದ್ದ ಕಾಲ ಅದು. ನಾನು ಅವನ್ನು ಕೇಳಿ ತಂದು, ತೊಳೆದು, ಶೋಕೇಸಿನಲ್ಲಿ ಇಡಲು ಶುರುಮಾಡಿದೆ. ಅದೂ ಸಾಲದೆ ಮಾಡುವವರ ಮನೆಗೇ ಹೊರಟೆ. ಮಳೆ ಬಿಟ್ಟು, ದೀಪಾವಳಿ ಕಳೆದು, ಕುಂಬಾರರು ಆವಿಗೆಗೆ ಬೆಂಕಿ ಕೊಡುವ ಹೊತ್ತಿಗೆ ನಾವು ನಾಲ್ವರು ಗೆಳತಿಯರು ಬಾಡಿಗೆ ಜೀಪು ಮಾಡಿಕೊಂಡು, ಹಿಂದೆ ಬೈಹುಲ್ಲು ಹಾಸಿಕೊಂಡು ಹೋಗುತ್ತಿದ್ದೆವು. ಕಡಬ, ಇಚಿಲಂಪಾಡಿಯ ಕಡೆ ಒಂದು ಸುತ್ತು, ಸುಬ್ರಹ್ಮಣ್ಯದಲ್ಲಿ ಊಟ, ರಾತ್ರಿ ಸುಳ್ಯದ ನನ್ನ ತವರುಮನೆ, ಮರುದಿನ ಆ ಕಡೆಯ ಕುಂಬಾರರನ್ನು ನೋಡಿಕೊಂಡು ವಾಪಸು. "ಬೇರೆಯವರ ಹೆಂಡತಿಯರು ತೀರ್ಥಯಾತ್ರೆ ಹೋಗ್ತಾರೆ, ನನ್ನವಳದ್ದು ಮಡಕೆಯಾತ್ರೆ ಮಾರಾಯ್ರೆ" ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಲಿ. ಹೊಸ ಹೂಜಿಗೆ ಮೊದಲ ಸಲ ನೀರು ತುಂಬಿಸುವಾಗ ಏಳುವ ಮಣ್ಣಿನ ವಾಸನೆಗೆ ಮನೆಯಲ್ಲಿ ಮೊದಲು ಓಡಿಬರುತ್ತಿದ್ದವರು ಅವರೇ.

ಕೆಲವು ವರ್ಷಗಳಲ್ಲಿ ಯಾವ ಮಡಕೆ ಯಾರ ಕೈಯದ್ದು ಎಂದು ನೋಡಿದ ಕೂಡಲೇ ಹೇಳುವಷ್ಟಾದೆ. ಎಲ್ಲರಿಗಿಂತ ನನಗೆ ಹಿಡಿಸಿದ್ದು ಐತಪ್ಪನ ಕೆಲಸ. ಆಮೇಲೆ ಅವನು ಮಾವಿನ ಮರದಿಂದ ಬಿದ್ದು ಬಲಗೈ ಮುರಿದುಕೊಂಡ. ಮೂಳೆ ಕೂಡಿತು, ಮಣಿಕಟ್ಟು ಮತ್ತೆ ತಿರುಗಲಿಲ್ಲ. ಇನ್ನು ಆ ಮನೆಯ ಮಡಕೆ ಇಲ್ಲ ಎಂದುಕೊಂಡೇ ಆ ವರ್ಷ ಹೋದರೆ — ಅಂಗಳದ ತುಂಬ ಮಡಕೆಗಳು. ಮೊದಲಿಗಿಂತ ತೆಳು, ಬಾಯಿಯ ಅಂಚು ಮೆತ್ತಗೆ ಹೊರಕ್ಕೆ ಮಡಚಿದ್ದು. ಮನೆಯಲ್ಲಿ ಅಕ್ಕನ ಕೈಯಲ್ಲಿ ಬಿಡಿಸಿಕೊಂಡು ಬಂದ ಚಿತ್ರವನ್ನು ಹಿಡಿಯಬಲ್ಲ ಡ್ರಾಯಿಂಗ್ ಟೀಚರ್ ನಾನು. ಇದು ಬೇರೆ ಕೈ ಎಂದು ಅಲ್ಲೇ ಗೊತ್ತಾಯಿತು. ಕೇಳಲಿಲ್ಲ. ಮರುವರ್ಷ ಮಾತ್ರ ಯಾರೂ ಕರೆಯದೆ ನೇರ ಹಿಂದಿನ ಕೊಟ್ಟಿಗೆಗೆ ಹೋದೆ. ಚಕ್ರದ ಎದುರು ಗಿರಿಜ ಕೂತಿದ್ದಳು.

ನಿಮ್ಮ ಕುಂಬಾರರ ಕಟ್ಟಳೆ ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಕಾಗದವನ್ನು ನಿನ್ನ ಮಕ್ಕಳೂ ಓದಲಿ ಎಂಬ ಆಸೆ ನನಗೆ, ಅದಕ್ಕೆ ಬರೆಯುತ್ತೇನೆ. ಹೆಂಗಸು ಗದ್ದೆಯಿಂದ ಮಣ್ಣು ಹೊರಬಹುದು, ತುಳಿದು ಹದ ಮಾಡಬಹುದು, ತಟ್ಟಬಹುದು, ಉಜ್ಜಿ ನುಣುಪು ಮಾಡಬಹುದು, ತಲೆಯಲ್ಲಿ ಹೊತ್ತು ಸಂತೆಯಲ್ಲಿ ಮಾರಬಹುದು. ಚಕ್ರ ಮುಟ್ಟುವಂತಿಲ್ಲ. ಮುಟ್ಟಿದಳೆಂದು ಗೊತ್ತಾದರೆ ಆ ಮನೆಯ ಮಡಕೆ ದೈವಕ್ಕೆ ಆಗದು, ಮದುವೆಗೆ ಆಗದು. ಐತಪ್ಪನ ಮನೆಗೆ ಅಜ್ಜನ ಕಾಲದಿಂದ ವರ್ಷ ವರ್ಷ ನಡೆಯುವ ದೈವದ ನೇಮೋತ್ಸವಕ್ಕೆ ಹೊಸ ಮಡಕೆ ಕೊಡುವ ಹಕ್ಕಿತ್ತು. ಆ ಹಕ್ಕು ಹೋದರೆ ಊರಿನವರು ಅವನ ಅಂಗಳ ಮೆಟ್ಟುತ್ತಿರಲಿಲ್ಲ.

"ಇವರ ಕೈ ತಿರುಗುದಿಲ್ಲ ಟೀಚರೇ," ಎಂದಳು ಗಿರಿಜ, ಎದ್ದು ನಿಂತು. "ಮಕ್ಕಳಿಗೆ ನಾನು ಎಂತ ಹಾಕುದು? ಕೈ ಸರಿಯಾಗಿದೆ ಅಂತ ಊರಿನವರಿಗೆ ಹೇಳಿದ್ದೇವೆ, ನೀವು ಯಾರಿಗೂ ಹೇಳ್ಬೇಡಿ."

ಹೇಳುವುದಿಲ್ಲ ಎಂದೆ. ಕೂತು ಕೆಲಸ ಮಾಡು, ನೋಡುತ್ತೇನೆ ಎಂದೂ ಹೇಳಿದೆ. ಅಲ್ಲಿಂದ ಮೂರು-ನಾಲ್ಕು ವರ್ಷ ನನ್ನ ಮಡಕೆಯಾತ್ರೆಯ ಮುಖ್ಯ ಕ್ಷೇತ್ರ ಆ ಕೊಟ್ಟಿಗೆಯೇ ಆಯಿತು. ಗೆಳತಿಯರು ಅಂಗಳದಲ್ಲಿ ರೊಟ್ಟಿ ಸುಡುವ ಓಡು, ಹೂಜಿಗಳನ್ನು ಬೆರಳಿಂದ ತಟ್ಟಿ ಶಬ್ದ ಕೇಳಿ ಆರಿಸುತ್ತಿದ್ದರು. ನಾನು ಒಳಗೆ ಅವಳ ಕೈ ನೋಡುತ್ತಿದ್ದೆ. ಹೊರಗೆ ಬಂದು "ಐತಪ್ಪನ ಕೈ ಅಂದ್ರೆ ಕೈ" ಎಂದು ಎಲ್ಲರೆದುರು ಹೊಗಳುತ್ತಿದ್ದೆ. ಆ ಸುಳ್ಳು ಹೇಳುವಾಗ ನನಗೆ ಒಂದು ಬಗೆಯ ಖುಷಿಯೇ ಆಗುತ್ತಿತ್ತು.

ನಿನ್ನ ಅಪ್ಪ ಬಂದ ದಿನವೂ ನಾನು ಅಲ್ಲೇ ಇದ್ದೆ. ಐತಪ್ಪ ಬಾಗಿಲಲ್ಲಿ ಕಾವಲಿದ್ದ, ಆದರೆ ಅವನು ನೋಡುತ್ತಿದ್ದದ್ದು ಅಂಗಳದ ದಾರಿ. ಗುರಿಕಾರರು ಹಿತ್ತಿಲ ತೋಡಿನ ನೀರು ದಾಟಿ ಹಿಂದಿನಿಂದ ಬಂದರು. ಕುಂಬಾರರ ಹತ್ತು ಮನೆಗಳಿಗೆ ಹಿರಿಯರಲ್ಲವೇ, ನೇಮಕ್ಕೆ ಮಡಕೆ ಹೇಳಿಹೋಗಲು ಬಂದವರು. ತಡಿಕೆಯ ಮೇಲೆ ಅವರ ತಲೆ ಕಂಡಿತು, ಒಮ್ಮೆ ಕೆಮ್ಮಿದರು. ಗಿರಿಜ ಎದ್ದು ಮಣ್ಣಿನ ರಾಶಿಯ ಕಡೆ ಸರಿದಳು, ಐತಪ್ಪ ಓಡಿಬಂದು ಅವಳ ಜಾಗದಲ್ಲಿ ಕೂತ. ಗುರಿಕಾರರು ಸುತ್ತಿ ಒಳಗೆ ಬರುವಾಗ ಎಲ್ಲ ಇರಬೇಕಾದಂತೆಯೇ ಇತ್ತು. ಚಕ್ರ ಮಾತ್ರ ಇನ್ನೂ ತಿರುಗುತ್ತಿತ್ತು — ಐತಪ್ಪನ ಕೈಯಲ್ಲಿ ಹಸಿಮಣ್ಣಿಲ್ಲ, ಒಣಗಿತ್ತು. ಅವರು ಅದನ್ನು ನೋಡಿದರು. ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದು, ನನಗೆ ಕೈಮುಗಿದು ಹೋದರು.

ಅವರು ಮನಸ್ಸು ಮಾಡಿದ್ದರೆ ಗುರಿಕಾರನ ಒಂದು ಮಾತಿನಲ್ಲಿ ಆ ಮನೆಯನ್ನು ಹೊರಗಿಡಬಹುದಿತ್ತು. ನಿನ್ನ ಅಪ್ಪ ಅಂಥವರಲ್ಲ. ನನ್ನೊಬ್ಬನ ಮಾತಿನ ಮೇಲೆ ಒಂದು ಮನೆಯ ಮರ್ಯಾದೆ ತೆಗೆಯುವುದು ಸರಿಯಲ್ಲ ಎಂದು ದೈವದ ಗುಡಿಯ ಎದುರು ಕುಂಬಾರರ ಕೂಟ ಕರೆದರು. ಅಲ್ಲಿ ಗಂಡ-ಹೆಂಡತಿ ಇಬ್ಬರೂ ಹಾಗೇನೂ ನಡೆದಿಲ್ಲ ಎಂದಾಗ, ಆವತ್ತು ಕೊಟ್ಟಿಗೆಯಲ್ಲಿದ್ದ ಹೊರಗಿನವಳೆಂದು ನನಗೆ ಹೇಳಿಕಳಿಸಿದರು. ನನಗೆ ತುಳು ಬರುತ್ತದೆಂದು ಗೊತ್ತಿದ್ದೂ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಟೀಚರೆಂಬ ಗೌರವಕ್ಕೆ.

"ನಿಮಗೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ ಟೀಚರೇ. ಆವತ್ತು ಚಕ್ರದಲ್ಲಿ ಕೂತದ್ದು ಯಾರು? ದೀಪ ಮುಟ್ಟಿ ಹೇಳಿ. ನೀವು ಹೇಳಿದ್ದು ನನಗೆ ಒಪ್ಪಿಗೆ ಉಂಟು."

ಗಿರಿಜ ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ದೀಪ ಮುಟ್ಟಿದೆ. "ಐತಪ್ಪನೇ" ಎಂದೆ. ಒಣಗಿದ ಕೈಯ ಮಾತು ಬರುತ್ತದೆಂದು ಗೊತ್ತಿತ್ತು, ಅದಕ್ಕೆ ಮೊದಲೇ ಸೇರಿಸಿದೆ: "ನಮಗೆ ಹೂಜಿ ತೆಗೆದುಕೊಡಲಿಕ್ಕೆ ಕೈ ತೊಳೆದು ಒರಸಿಕೊಂಡಿದ್ದ. ನೀರು ಹೊಯ್ದದ್ದು ನಾನೇ." ಚಿತ್ರ ಬಿಡಿಸುವವಳಿಗೆ ಇದೆಲ್ಲ ಗೊತ್ತಿರುತ್ತದೆ. ಮೂಲೆಯಲ್ಲಿ ಒಂದು ಸಣ್ಣ ಚೊಂಬು ಬಿಡಿಸಿದರೆ ಇಡೀ ಮನೆಯನ್ನು ಜನ ನಂಬುತ್ತಾರೆ.

ನಿನ್ನ ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಜನರ ಕಡೆ ತಿರುಗಿ, "ಹಾಗಾದ್ರೆ ನಾನು ಕಂಡದ್ದು ತಪ್ಪು. ದೈವಕ್ಕೆ ತಪ್ಪುಕಾಣಿಕೆ ನಾನು ಹಾಕ್ತೇನೆ" ಎಂದರು. ತನಗಿಂತ ಎಷ್ಟೋ ಚಿಕ್ಕವನಾದ ಐತಪ್ಪನಿಗೆ ಕೈಮುಗಿದರು. ಐತಪ್ಪ ಅಳತೊಡಗಿದ. ಅವಮಾನಕ್ಕೆ ಅಳುತ್ತಿದ್ದಾನೆ ಎಂದುಕೊಂಡರು ಜನ.

ಈ ಸುಳ್ಳಿಗೆ ನಾನು ಕ್ಷಮೆ ಕೇಳುವುದಿಲ್ಲ. ನಾಲ್ಕು ವರ್ಷ ದೈವದ ಎದುರು ಇಟ್ಟ ಮಡಕೆಗಳೂ ಗಿರಿಜಳ ಕೈಯವೇ. ದೈವ ಒಂದು ದಿನ ಮುಖ ತಿರುಗಿಸಲಿಲ್ಲ, ಊರಿನಲ್ಲಿ ಬೆಳೆ ಹಾಳಾಗಲಿಲ್ಲ, ಯಾರ ಮನೆಯ ತೊಟ್ಟಿಲೂ ಬರಿದಾಗಲಿಲ್ಲ. ಮಣ್ಣು ತುಳಿಯುವ ಕಾಲಿಗೆ ಇಲ್ಲದ ಮೈಲಿಗೆ ಚಕ್ರ ಮುಟ್ಟುವ ಕೈಗೆ ಎಲ್ಲಿಂದ ಬಂತು? ಯಾರೂ ನನಗೆ ಇದಕ್ಕೆ ಉತ್ತರ ಹೇಳಿಲ್ಲ. ಆ ಮನೆಯ ಮೂರು ಮಕ್ಕಳು ಉಂಡು ಬೆಳೆದವು. ಗಿರಿಜ ಆಮೇಲೂ ಎಷ್ಟೋ ವರ್ಷ ಚಕ್ರ ತಿರುಗಿಸಿದಳು. ಸತ್ಯ ಹೇಳಿದ್ದರೆ ಆ ಕೂಟದಲ್ಲಿ ಯಾರು ಅವರಿಗೆ ಒಂದು ಹೊತ್ತಿನ ಗಂಜಿ ಹಾಕುತ್ತಿದ್ದರು?

ಆದರೆ ಎಲ್ಲ ಹೇಳಲು ಕೂತ ಮೇಲೆ ಇದನ್ನೂ ಹೇಳಬೇಕು — ದೀಪದ ಮೇಲೆ ಕೈ ಇಟ್ಟಾಗ ನನ್ನ ಕಣ್ಣ ಮುಂದೆ ಬಂದದ್ದು ಬರೀ ಗಿರಿಜಳ ಮಕ್ಕಳಲ್ಲ. ನನ್ನ ಶೋಕೇಸೂ ಬಂತು. ಇನ್ನು ಅಂಥ ಮಡಕೆ ನನಗೆ ಸಿಗುವುದಿಲ್ಲವಲ್ಲ ಎಂಬ ಸಂಕಟವೂ ಬಂತು. ಎಷ್ಟು ಪಾಲು ಅದು, ಎಷ್ಟು ಪಾಲು ಇದು ಎಂದು ಅಳೆಯಲು ಹೋಗಿ ಸೋತಿದ್ದೇನೆ. ನಾನು ಸಾಧ್ವಿ ಅಲ್ಲ. ಸುಳ್ಳು ಸರಿಯಾದದ್ದೇ, ಹೇಳಿದವಳು ಮಾತ್ರ ಅಷ್ಟೇನೂ ಒಳ್ಳೆಯವಳಲ್ಲ.

ಇನ್ನು ನನ್ನ ತಪ್ಪಿನ ಮಾತು.

ಮುಂದಿನ ಬೇಸಗೆ, ಶಾಲೆಗೆ ರಜೆ. ನಿನ್ನ ಅಪ್ಪ ಪುತ್ತೂರಿನ ನಮ್ಮ ಮನೆಗೆ ಬಂದರು, ಒಬ್ಬರೇ. ಮಜ್ಜಿಗೆ ತಂದುಕೊಟ್ಟೆ, ಪಕ್ಕಕ್ಕಿಟ್ಟರು.

"ಕಣ್ಣಿನ ಡಾಕ್ಟರ ಹತ್ತಿರ ಬಂದದ್ದು ಟೀಚರೇ. ಕಣ್ಣು ಸರಿ ಉಂಟಂತೆ." ಜಗಲಿಯ ನೆಲ ನೋಡುತ್ತ ಮುಂದುವರಿಸಿದರು. "ಕಣ್ಣು ಸರಿ ಉಂಟಾದ್ರೆ ತಲೆ ಸರಿ ಇಲ್ಲ ಅಂತ ಆಯ್ತಲ್ಲ. ಇಲ್ಲದ್ದು ನನಗೆ ಕಂಡಿತಾ? ಇಲ್ಲಿ ಯಾರೂ ಇಲ್ಲ, ನಾನು ಹೊರಗೆ ಹೇಳುದೂ ಇಲ್ಲ. ನನಗೊಬ್ಬನಿಗೆ ಗೊತ್ತಾದ್ರೆ ಸಾಕು."

ಅವರು ಹೊರಗೆ ಹೇಳುತ್ತಿರಲಿಲ್ಲ, ಜಯಂತಿ. ಕೊಟ್ಟ ಮಾತು ಮುರಿದ ಮನುಷ್ಯನಲ್ಲ ಅವರು. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಗಿರಿಜಳಿಗೆ ಅವರಿಂದ ಯಾವ ಅಪಾಯವೂ ಇರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಅವರು ನನ್ನನ್ನು ಏನೆಂದು ನೋಡುತ್ತಿದ್ದರೋ — ದೀಪ ಮುಟ್ಟಿ ಸುಳ್ಳು ಹೇಳಿದ ಟೀಚರ್ ಎಂದು — ಆ ಒಂದು ನೋಟಕ್ಕೆ ಹೆದರಿದೆ. ನನ್ನ ಮರ್ಯಾದೆ ನನಗೆ ಹೆಚ್ಚಾಯಿತು.

"ವಯಸ್ಸಾಯ್ತಲ್ಲ ಗುರಿಕಾರರೇ," ಎಂದೆ. "ಕೆಲವೊಮ್ಮೆ ಹಾಗೆಲ್ಲ ಕಾಣ್ತದೆ."

ಅವರು ತಲೆ ಆಡಿಸಿದರು. ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟ ಬೋರಲು ಹಾಕಿ, ಹೊರಟರು.

ಆಮೇಲಿನದ್ದು ನನಗಿಂತ ನಿನಗೆ ಗೊತ್ತು. ಗುರಿಕಾರಿಕೆ ಬಿಟ್ಟರು. ಚಕ್ರವನ್ನೂ ಬಿಟ್ಟರು. ನಿನ್ನ ಮದುವೆಯ ಕಾಗದ ಕೊಡಲು ಬಂದಾಗ ನೀನು ನಗುತ್ತಲೇ ಹೇಳಿದ್ದೆ: "ಅಪ್ಪನಿಗೆ ಮರುಳು ಹಿಡಿದಿದೆ ಟೀಚರ್. ದಾರಿಯಲ್ಲಿ ಬಸ್ಸು ಬಂದ್ರೆ, ಅದು ಬಸ್ಸೇ ಅಲ್ವಾ ಮಗಾ, ಅಂತ ನನ್ನ ಹತ್ತಿರ ಕೇಳ್ತಾರೆ." ನೀನು ನಗುತ್ತಿದ್ದೆ, ಕಣ್ಣಲ್ಲಿ ನೀರಿತ್ತು. ಆವತ್ತಾದರೂ ಹೇಳಬಹುದಿತ್ತು; ಅವರು ಇನ್ನೂ ಬದುಕಿದ್ದರು. ನಿನ್ನ ಕೈಗೆ ಒಂದು ಹೂಜಿ ಉಡುಗೊರೆ ಕೊಟ್ಟು ಕಳಿಸಿದೆ. ಅದೂ ಗಿರಿಜ ಮಾಡಿದ್ದೇ — ಥೂ, ನನ್ನ ಧೈರ್ಯವೇ.

ಅವರು ಕೊನೆಯವರೆಗೂ ತಮ್ಮ ಕಣ್ಣನ್ನು ನಂಬದೆ ಹೋದರು. ಅದನ್ನು ಮಾಡಿದ್ದು ದೀಪವಲ್ಲ, ದೈವವಲ್ಲ, ನಿಮ್ಮ ಕಟ್ಟಳೆಯೂ ಅಲ್ಲ. ನಮ್ಮ ಜಗಲಿಯಲ್ಲಿ ಕೂತು ನಾನು ಆಡಿದ ಒಂದು ಮಾತು.

ಈ ಸಲದ ನೇಮಕ್ಕೆ ನಾನು ಬರುತ್ತೇನೆ. ಕಾಲು ನೋವಿದೆ, ಆದರೂ ಬರುತ್ತೇನೆ. ಆ ಕೂಟದಲ್ಲಿದ್ದವರಲ್ಲಿ ನಾಲ್ಕೈದು ಮಂದಿ ಇನ್ನೂ ಇದ್ದಾರಂತೆ, ಅವರ ಎದುರು ಹೇಳುತ್ತೇನೆ. ಚಕ್ರದಲ್ಲಿ ಕೂತದ್ದು ಗಿರಿಜ ಎಂದು ಅವಳ ಹೆಸರು ಹಿಡಿದೇ ಹೇಳುತ್ತೇನೆ. ನೀವು ನೈವೇದ್ಯ ಇಟ್ಟದ್ದು ಅವಳು ಮಾಡಿದ ಮಡಕೆಯಲ್ಲಿ ಎಂದೂ ಹೇಳುತ್ತೇನೆ. ಅವರಿಗೆ ಸಿಟ್ಟು ಬಂದರೆ ಬರಲಿ, ತಪ್ಪುಕಾಣಿಕೆ ಹಾಕು ಎಂದರೆ ಹಾಕುವವಳಲ್ಲ. ಮುಟ್ಟಿದ ದೀಪದ ಲೆಕ್ಕ ನನ್ನದು, ಅದನ್ನು ನಾನೂ ದೈವವೂ ನೋಡಿಕೊಳ್ಳುತ್ತೇವೆ.

ನಿನ್ನ ಮನೆಗೆ ಮಾತ್ರ ಅದಕ್ಕೂ ಮೊದಲು ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು, ಅವರು ಕೇಳಿದ ದಿನ ಹೇಳಬೇಕಾಗಿದ್ದದ್ದನ್ನು ಹೇಳಿಹೋಗುತ್ತೇನೆ: ನಿನ್ನ ಅಪ್ಪನಿಗೆ ಮರುಳು ಹಿಡಿದಿರಲಿಲ್ಲ, ಮಗಾ. ಹಿಡಿಸಿದ್ದು ನಾನು.