ಬಿಳಿ ಸವತಿ

ಕ್ಯಾಲಿಫೋರ್ನಿಯಾದ ಎವರ್‌ಗ್ರೀನಿನ ಕನ್ನಡದ ಮನೆಗಳಲ್ಲಿ ವ್ಯಾಸರಾಜ ದೇಸಾಯಿಯ ಕಾರಿನ ಮಾತು ಬಂತೆಂದರೆ ಉಂಡ ಕೈ ಒಣಗಿದರೂ ಮುಗಿಯುತ್ತಿರಲಿಲ್ಲ. ಉಳಿದವರೆಲ್ಲ ಕೆಟ್ಟು ನಿಲ್ಲದ ಜಪಾನಿ ಕಾರು ಕೊಂಡು ಸುಖವಾಗಿದ್ದರೆ, ಮೆನ್ಲೋ ಪಾರ್ಕಿನ ಸಣ್ಣ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಈ ಮನುಷ್ಯ ಇಂಗ್ಲೆಂಡಿನ ಹಳೆಯ ಬಿಳಿ ಕಾರೊಂದನ್ನು ಕಟ್ಟಿಕೊಂಡಿದ್ದ. ಅದಕ್ಕೆ ಎರಡೇ ಸೀಟು, ಮಡಚಿ ಹಿಂದಕ್ಕೆ ಸರಿಸುವ ಬಟ್ಟೆಯ ಮಾಡು. ಧಾರವಾಡದಲ್ಲಿ ಓದುವಾಗ ಡಾಕ್ಟರೊಬ್ಬರು ಅಂಥದರಲ್ಲಿ ಹೋಗುವುದನ್ನು ದಿನವೂ ನಿಂತು ನೋಡುತ್ತಿದ್ದನಂತೆ. ಆ ಹುಚ್ಚು ಸಮುದ್ರ ದಾಟಿದರೂ ಬಿಡಲಿಲ್ಲ. ಮನೆಯಲ್ಲಿ ಮಕ್ಕಳಿರಲಿಲ್ಲ. ಎರಡು ಸೀಟು ಸಾಕಾಗಿತ್ತು.

ಅವನ ಹೆಂಡತಿ ರಮಾ ಆ ಕಾರನ್ನು ಸವತಿ ಎಂದೇ ಕರೆಯುತ್ತಿದ್ದಳು. ಕೇಳಿದವರು ನಕ್ಕರೆ ಅವಳೂ ನಗುತ್ತಿದ್ದಳು. ಆದರೆ ಪ್ರತಿ ವರ್ಷ ಅವಳ ತವರು ಬಾಗಲಕೋಟೆಗೆ ಹೋಗಿಬರುವ ಮಾತು ಎದ್ದಾಗ ಇಬ್ಬರೂ ಕೂತು ತೂಗಿ ನೋಡಬೇಕಾಗುತ್ತಿತ್ತು: ಈ ವರ್ಷ ಊರೋ, ಕಾರೋ? ಒಮ್ಮೆ ಅದರ ಗೇರ್‌ಬಾಕ್ಸು ಹೋಯಿತು. ಮರುವರ್ಷ ಎಂಜಿನ್ನನ್ನೇ ಬಿಚ್ಚಬೇಕಾಯಿತು. ಸಣ್ಣ ತಿರುಪು ಬೇಕೆಂದರೂ ಇಂಗ್ಲೆಂಡಿನಿಂದಲೇ ಬರಬೇಕು. ವ್ಯಾಸರಾಜ ಬಿಡಿಭಾಗಗಳ ಬೆಲೆಪಟ್ಟಿ ತಿರುವುತ್ತ ಕೂತರೆ ಕೊನೆಗೆ ರಮಾ ತಾನೇ ಮಾತು ಮುಗಿಸುತ್ತಿದ್ದಳು.

"ಆಗ್ಲಿ ಬಿಡ್ರಿ, ಈ ಸಲ ಸವತೀ ಪಾಳಿ. ನನ್ನ ತವರುಮನಿ ಎಲ್ಲೆ ಓಡಿಹೋಗತದ?"

ಅವನಿಗೆ ಹಗುರಾಗುತ್ತಿತ್ತು. ಅವಳಿಗೆ ಏನಾಗುತ್ತಿತ್ತೆಂದು ಆ ಮಹಾರಾಯ ಒಂದು ಸಲವೂ ಕೇಳಲಿಲ್ಲ.

ಎಂಬತ್ತೈದರ ದಸರೆ ಬಂತು. ಖಂಡೇನವಮಿಯ ದಿನ ಊರಲ್ಲಿ ಮನೆಯ ಆಯುಧ, ಗಾಡಿಗಳಿಗೆಲ್ಲ ಪೂಜೆ ಆಗುತ್ತದೆಂದು, ಗಂಡ ಗೆಳೆಯನ ಕಾರಿನಲ್ಲಿ ಆಫೀಸಿಗೆ ಹೋಗಿದ್ದಾಗ ರಮಾ ಸವತಿಗೂ ಪೂಜೆ ಮಾಡಿದಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು, ಅರಿಶಿಣ ಕುಂಕುಮ ಕಲಸಿ ಬಾನೆಟ್ಟಿನ ಮೇಲೆ ದೊಡ್ಡದೊಂದು ಸ್ವಸ್ತಿಕ ಬರೆದಳು, ಆರತಿ ಎತ್ತಿದಳು. ಸಂಜೆ ಅವನು ಬರುವಷ್ಟರಲ್ಲಿ ಬಿಸಿಲಿಗೆ ಅದು ಒಣಗಿ, ಹಳೆಯ ಬಣ್ಣದೊಳಕ್ಕೆ ಕೆಂಪಗೆ ಇಳಿದುಬಿಟ್ಟಿತ್ತು. ತೊಳೆದರೂ ಹೋಗಲಿಲ್ಲ.

"ಇದೇನ ಚಕ್ಕಡಿ ಅಂತ ತಿಳದೀಯೇನ?" ಎಂದು ಅವನು ಅಕ್ಕಪಕ್ಕದವರಿಗೆ ಕೇಳುವಂತೆ ಕೂಗಾಡಿದ.

ರಮಾ ದನಿ ಏರಿಸಲಿಲ್ಲ. "ಒರಸಬ್ಯಾಡ್ರಿ. ಮುತ್ತೈದಿ ಹಚ್ಚಿದ್ದದು, ತಾನ ಮಾಸಲಿ."

ಅವನು ಕೇಳಬೇಕಲ್ಲ! ಬಣ್ಣ ಉಜ್ಜುವ ಪಾಲಿಶು ತಂದು, ಶನಿವಾರ ಭಾನುವಾರ ಎರಡೂ ದಿನ ಊಟದ ಪರಿವೆಯಿಲ್ಲದೆ ಉಜ್ಜಿದ. ಕೊನೆಗೂ ಕಲೆ ಹೋಯಿತು. ಹೆಂಡತಿಯನ್ನು ಹೊರಗೆ ಕರೆದು ಹೆಮ್ಮೆಯಿಂದ ತೋರಿಸಿದ. ಛಲೋ ಆತು ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಆ ಚಳಿಗಾಲದಲ್ಲಿ ರಮಾ ಹಾಸಿಗೆ ಹಿಡಿದಳು. ಹೊಟ್ಟೆಯೊಳಗಿನ ಗಡ್ಡೆ ಎಂದರು. ಉಳಿಸಿಟ್ಟದ್ದನ್ನೆಲ್ಲ ಆಸ್ಪತ್ರೆ ನುಂಗಿತು, ಅವಳು ಉಳಿಯಲಿಲ್ಲ. ಕಡೆಯ ದಿನಗಳಲ್ಲಿ, ಈ ವರ್ಷವಾದರೂ ಊರಿಗೆ ಹೋಗೋಣ ಎಂದಿದ್ದಳು. ಅವನು ಹೂಂ ಎಂದಿದ್ದ. ಬಂದವರೆಲ್ಲ ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಸಮಾಧಾನ ಹೇಳಿದರು. ವ್ಯಾಸರಾಜನಿಗೆ ಅವರನ್ನೆಲ್ಲ ಮನೆಯಿಂದ ಆಚೆ ದಬ್ಬಬೇಕೆನಿಸಿತು.

ಅಸ್ಥಿ ದೇವರ ಗೂಡಿನ ಪಕ್ಕದ ತಾಮ್ರದ ತಂಬಿಗೆಯಲ್ಲಿತ್ತು. ಅದನ್ನು ಅವಳ ತವರಿನ ಘಟಪ್ರಭೆಯ ನೀರಿಗೆ ಬಿಡಬೇಕು, ಕೈಯಲ್ಲಿ ಟಿಕೆಟ್ಟಿಗೂ ದುಡ್ಡಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಅವನು ಕಾರು ಮಾರುವುದಿದೆ ಎಂದು ಪೇಪರಿನಲ್ಲಿ ಹಾಕಿಸಿದ. ದಿನವೂ ಅವನನ್ನು ಆಫೀಸಿಗೆ ಕರೆದೊಯ್ಯುತ್ತಿದ್ದ ಮೈಸೂರಿನ ಜಯರಾಮ್, ಕಾರು ಇರಲಿ, ದುಡ್ಡು ತಾನು ಕೊಡುತ್ತೇನೆ ಎಂದು ಎಷ್ಟೋ ಹೇಳಿದ.

"ಬ್ಯಾಡ," ಎಂದ ವ್ಯಾಸರಾಜ. "ಈ ಸಲ ಆಕೀ ಪಾಳಿ."

ಲಾಸ್ ಆಲ್ಟೋಸಿನಿಂದ ಒಬ್ಬ ಮುದುಕ ಸಾಹೇಬ ನೋಡಲು ಬಂದ. ಕಾರಿನ ಸುತ್ತ ನಡೆದು, ಬಾನೆಟ್ಟಿನ ಮೇಲೆ ಕೈಯಾಡಿಸಿ, ಇಷ್ಟು ಹಳೆಯ ಬಣ್ಣದಲ್ಲಿ ಒಂದೇ ಒಂದು ಕಲೆ ಇಲ್ಲವಲ್ಲ ಎಂದು ಹೊಗಳಿದ. ವ್ಯಾಸರಾಜ ಬಗ್ಗಿ, ರಮಾ ಸ್ವಸ್ತಿಕ ಬರೆದಿದ್ದ ಜಾಗವನ್ನು ಸಂಜೆಯ ಓರೆ ಬಿಸಿಲಿನಲ್ಲಿ ಆ ಕಡೆಯಿಂದಲೂ ಈ ಕಡೆಯಿಂದಲೂ ನೋಡಿದ. ಎಳೆಯಷ್ಟು ಕೆಂಪಾದರೂ ಉಳಿದಿರಬಾರದೇ ಎಂದು ಬೆರಳಿನಿಂದ ಸವರಿ ಹುಡುಕಿದ. ಎಲ್ಲಿಯೂ ಇರಲಿಲ್ಲ. ಏನು ಹುಡುಕುತ್ತಿದ್ದೀರಿ ಎಂದು ಸಾಹೇಬ ಕೇಳಿದ. ಇಲ್ಲೊಂದು ಕಲೆ ಇತ್ತು, ನಾನೇ ತೆಗೆದೆ ಎಂದ ವ್ಯಾಸರಾಜ. ಬಹಳ ಚೆನ್ನಾಗಿ ತೆಗೆದಿದ್ದೀರಿ ಎಂದು ಸಾಹೇಬ ಅವನ ಬೆನ್ನು ತಟ್ಟಿದ, ಚೌಕಾಸಿ ಮಾಡದೆ ಕೇಳಿದಷ್ಟೂ ಕೊಟ್ಟ.

ಆ ದುಡ್ಡು ಊರಿನ ಎರಡು ಟಿಕೆಟ್ಟಿಗೆ ಸಾಕಾಗುವಷ್ಟಿತ್ತು. ವ್ಯಾಸರಾಜ ಒಂದೇ ಟಿಕೆಟ್ಟು ಕೊಂಡ.