ಇಲಿಯ ಮಾತು ಕೇಳದ ದೊಡ್ಡಪ್ಪ

ನನಗೆ ಸಿಟ್ಟು ಬಂದರೆ ಜನ ನಗುತ್ತಾರೆ. ಊರಿನವರ ದನಿಯನ್ನೆಲ್ಲ ಅಣಕಿಸುತ್ತ ಬೆಳೆದವನಿಗೆ ಸ್ವಂತದ್ದೊಂದು ದನಿ ಇದೆಯೆಂದು ಯಾರೂ ನಂಬುವುದಿಲ್ಲ. ಕಿರುಚಿದರೂ "ಇದು ಯಾರ ತರ ಹೇಳು ನೋಡಾಣ" ಎಂದು ಪಂದ್ಯ ಕಟ್ಟುತ್ತಾರೆ.

ಹಂದನಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಮಾತಿನ ನಡುವೆ ಪಂಚೆ ಎತ್ತಿಕೊಂಡು ತೆಂಗಿನ ಮರದ ಮರೆಗೆ ಅವನು ಓಡುವ ಓಟ ನನ್ನ ಅಣಕಗಳಲ್ಲೇ ಶ್ರೇಷ್ಠವಾದದ್ದು. ಈ ಸಲ ಹೋದರೆ ಓಟವೇ ಇಲ್ಲ. ಬೆಳಗಿನಿಂದ ಜಗಲಿ ಬಿಟ್ಟು ಏಳಲಿಲ್ಲ. ಹೊಕ್ಕುಳ ಕೆಳಗೆ ಮಾತ್ರ ಗಟ್ಟಿಯಾಗಿ ಉಬ್ಬಿತ್ತು.

"ವಾಸಿಯಾಯ್ತು ಕಣ್ಲಾ. ಅಟ್ಟದ ಕಾಯಿ ಇದ್ದಂಗೆ. ನೀರೆಲ್ಲ ಒಳಗೇ ಇಂಗೋಯ್ತು!"

ನಮ್ಮ ಸೀಮೆಯಲ್ಲಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ನಿಂತರೆ ಕೊಬ್ಬರಿಯಾಯಿತು ಎನ್ನುತ್ತಾರೆ. ಆ ಪರೀಕ್ಷೆಯನ್ನು ಈ ಮಹಾನುಭಾವ ತನಗೇ ಹಚ್ಚಿಕೊಂಡಿದ್ದ. ದೊಡ್ಡಮ್ಮ ಆ ಖುಷಿಗೆ ಒಬ್ಬಟ್ಟು ಬೇರೆ ಮಾಡಿದ್ದಳು!

ಮೈ ಉರಿಯಿತು. ಫಾರ್ಮಸಿ ಓದುವವನು ನಾನು. ಪ್ರಯೋಗಾಲಯದ ಇಲಿಗೆ ಮದ್ದು ಚುಚ್ಚಿ ಸಕ್ಕರೆ ಕಾಯಿಲೆ ಬರಿಸಿದರೆ, ಪಾಪದ್ದು ಮೊದಮೊದಲು ಉಚ್ಚೆ ಹೊಯ್ದೂ ಹೊಯ್ದೂ ಸುಸ್ತಾಗುತ್ತದೆ. ಅಷ್ಟೂ ನೀರನ್ನು ಹಿಡಿಯಲು ಮೂತ್ರಕೋಶ ಹಿಗ್ಗಿ ದಪ್ಪವಾಗುತ್ತದೆ. ಕೊನೆಗೆ ಅದರ ನರ ಸತ್ತು, ತುಂಬಿದ್ದು ತಿಳಿಯದೆ, ಹಿಂಡುವ ಶಕ್ತಿಯೂ ಇಲ್ಲದೆ ಚೀಲದಂತೆ ಬಿದ್ದಿರುತ್ತದೆ. ಹಾಗೇ ಬಿಟ್ಟರೆ ಕಿಡ್ನಿಗೆ ಏಟು. ಇದನ್ನೆಲ್ಲ ಕೂಗಿ ಹೇಳಿದೆ.

"ಡಾಕ್ಟ್ರು ತರಾನೇ ಮಾಡ್ತಾನೆ ಕಣ್ರೀ!" ದೊಡ್ಡಮ್ಮ ಚಪ್ಪಾಳೆ ತಟ್ಟಿದಳು.

"ನನ್ ಕೊಬ್ರಿ ಕದ್ದು ತಿನ್ನೋ ಇಲಿ ಮಾತು ಕಟ್ಕಂಡು ಆಸ್ಪತ್ರೆಗೆ ಹೋಗ್ಲೇನ್ಲಾ?" ಎಂದ ದೊಡ್ಡಪ್ಪ.

ಸಿಟ್ಟು ನೆತ್ತಿಗೇರಿತು. ಅಟ್ಟದ ಕೆಳಗೆ ನಿಂತು ಆಳುಗಳನ್ನು ಗದರಿಸುವ ದೊಡ್ಡಪ್ಪನ ದನಿಯಲ್ಲೇ ಅಬ್ಬರಿಸಿದೆ: "ಲೇ, ಎಳನೀರು ಅಲ್ಲಾಡ್ಸಿದ್ರೆ ಸದ್ದು ಬತ್ತದೇನ್ಲಾ? ಕಂಠಮಟ್ಟ ನೀರು ತುಂಬೈತೆ, ಅದಕ್ಕೇ ಸದ್ದಿಲ್ಲ! ಒಣಗಿದ್ಯಾವ್ದು ತುಂಬಿದ್ಯಾವ್ದು ಗೊತ್ತಿಲ್ದೋನು ನೀನ್ಯಾವ ಸೀಮೆ ವ್ಯಾಪಾರಿನ್ಲಾ?"

ಯಾರೂ ನಗಲಿಲ್ಲ. ದೊಡ್ಡಪ್ಪನ ಕೈ ಹೊಕ್ಕುಳ ಕೆಳಗೆ ಹೋಯಿತು. ಒತ್ತಿ ನೋಡಿಕೊಂಡ. "ಚಪ್ಲಿ ಎಲ್ಲೈತಮ್ಮೀ?" ಎಂದ.

ತಿಪಟೂರಿನ ಆಸ್ಪತ್ರೆಯಲ್ಲಿ ನಳಿಕೆ ಹಾಕಿದರು. ಹರಿದು ಬಂದದ್ದನ್ನು ನೋಡಿ ಅವನಿಗೇ ಗಾಬರಿ. ಕಿಡ್ನಿ ಉಳಿದಿದೆ. ಇನ್ನು ಮೇಲೆ ಅವಸರ ಆಗಲಿ ಎಂದು ಕಾಯದೆ ಗಡಿಯಾರ ನೋಡಿ ಹೋಗಬೇಕಂತೆ. ಅದಕ್ಕೇ ದಿನವೂ ನಾನು ಫೋನ್ ಮಾಡಿ ಅವನ ದನಿಯಲ್ಲೇ ಗದರುತ್ತೇನೆ: "ಏಳ್ಲಾ, ಹೊತ್ತಾಯ್ತು!"

ನನ್ನ ದನಿಯಲ್ಲಿ ಹೇಳಿದರೆ ಇವತ್ತಿಗೂ ಕೇಳುವುದಿಲ್ಲ ಎಂಬ ಉರಿ ನನಗಿನ್ನೂ ಆರಿಲ್ಲ. "ಯಾವನ್ಲಾ ಅವ್ನು ನನ್ನೇ ಗದರ್ಸೋನು?" ಎಂದು ಅವನೂ ಬೈಯುತ್ತಾನೆ. ಬೈಯುತ್ತಲೇ ಎದ್ದು ಹೋಗುತ್ತಾನೆ. ಬೈಯಲಿ, ಹೋದರೆ ಸಾಕು.