ಎಡಗಡೆಯ ಗುಂಡಿ

ಅವನನ್ನು ನಾನು ಕಾಕಾ ಎನ್ನುತ್ತಿದ್ದೆ. ಸಂಬಂಧದಲ್ಲಿ ಅಪ್ಪನ ದೂರದ ತಮ್ಮ. ಹುಮನಾಬಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ವಯಸ್ಸಿನಲ್ಲಿ ಹಿರಿಯ, ಕಸುಬು ಕಲಿಸಿದವನು, ‘ಅವರು’ ಎಂದು ಬರೆಯುವುದೇ ಮರ್ಯಾದೆ. ಏನು ಮಾಡಲಿ, ಕೈ ಬರುವುದಿಲ್ಲ. ಎದುರಿಗಿದ್ದಾಗ ಮಾತಿಗೊಂದು ‘ರೀ’ ಹಚ್ಚಿದ್ದೇನೆ, ಅಷ್ಟು ಸಾಕು.

ತೊಂಬತ್ತರ ದಶಕದ ನಡುವೆ ಅವನಿಗೆ ಕೆಲಸಕ್ಕೆ ಒಬ್ಬ ಹುಡುಗಿ ಬೇಕಾಗಿದ್ದಳು. ನಮ್ಮ ಕಡೆ ಮದುವೆಮನೆಯಲ್ಲಿ ಮದುಮಗಳನ್ನು ಸಿಂಗರಿಸುವ ಕೋಣೆಗೆ ಗಂಡಸು ಕ್ಯಾಮೆರಾ ಹಿಡಿದು ಹೋಗುವಂತಿರಲಿಲ್ಲ. ಒಳಗಿನ ಫೋಟೋ ಬೇಕು ಎಂದು ಕೇಳುವವರು ಮಾತ್ರ ಹೆಚ್ಚುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಬಸವಕಲ್ಯಾಣದ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದೆ. “ಬಾ ತಂಗಿ, ಕಲಸ್ತೀನಿ. ಹೆಣ್ಮಕ್ಕಳ ಕಡೀದು ನೀನೇ ನೋಡ್ಕೊ” ಎಂದ. ನನಗೆ ಸ್ವರ್ಗವೇ ಕೈಗೆ ಸಿಕ್ಕಿತು.

ವಾರಕ್ಕೊಮ್ಮೆ ಬಸ್ಸು ಹತ್ತಿ ಹುಮನಾಬಾದಿಗೆ ಹೋಗುವುದು, ಪಾಠ ಕೇಳುವುದು, ಕ್ಯಾಮೆರಾ ಹೊತ್ತು ತರುವುದು. ಎಲ್ಲವನ್ನೂ ಕೈಯಿಂದಲೇ ತಿರುಗಿಸಬೇಕಾದ ಹಳೇ ಕ್ಯಾಮೆರಾ ಅದು. ರೀಲು ತಾನೇ ಹಾಕಿದ್ದೇನೆ ಎಂದು ಹೇಳಿ, ಹಿಂದಿನ ಬಾಗಿಲಿಗೆ ಕರಿ ಟೇಪು ಬಿಗಿದು ಕೊಡುತ್ತಿದ್ದ. “ಇದನ್ನ ಮಾತ್ರ ತೆಗಿಬ್ಯಾಡ. ಒಂದು ಎಳಿ ಬೆಳಕು ಹೊಕ್ಕರ ಸಾಕು, ರೀಲ್ ಸುಟ್ಟು ಬೂದಿ.” ರೀಲು ಮುಗಿದ ಮೇಲೆ ಹಾಗೆಯೇ ಒಯ್ದು ಕೊಡಬೇಕು. ತೊಳೆದು ನೋಡಿ ತಪ್ಪು ಹೇಳುವುದು ಅವನ ಕೆಲಸ.

ಸುಡುಬಿಸಿಲಿಗೆ ಹದಿನಾರು, ಮೋಡ ಕವಿದರೆ ಎಂಟು, ಪಡಸಾಲೆಯೊಳಗೆ ನಾಲ್ಕು ಎಂದು ಲೆನ್ಸಿನ ಬಾಯಿ ತೆರೆಯುವ ಬೆಳಕಿನ ಲೆಕ್ಕ ಬಾಯಿಪಾಠ ಮಾಡಿಕೊಂಡೆ. ಅಗಲದ ಲೆನ್ಸು ಹಾಕಿ ಹತ್ತಿರ ಹೋದರೆ ಮೂಗು ಬದನೆಕಾಯಿ ಆಗುತ್ತದೆ, ಉದ್ದನೆಯದು ಹಾಕಿ ದೂರ ನಿಂತರೆ ಮುಖ ಮುಖದಂತಿರುತ್ತದೆ, ಬೆನ್ನ ಹಿಂದಿನ ಗೋಡೆ ಕರಗುತ್ತದೆ ಎಂಬುದನ್ನೆಲ್ಲ ಕಣ್ಣಿಂದಲೇ ಕಂಡುಕೊಂಡೆ. ಆದರೆ ಕಲಿಯುವವಳ ಮುಂದೆ ಕೂಡುವವರು ಯಾರು? ಅಪ್ಪನಿಗೆ ಪುರುಸೊತ್ತಿಲ್ಲ. ಅವ್ವನಿಗೆ ನಾಚಿಕೆ. ಕೂತವಳು ಅತ್ತಿ ಒಬ್ಬಳೇ.

ಅತ್ತಿ ಎಂದರೆ ಅಪ್ಪನ ಅಕ್ಕ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ನಮ್ಮನ್ನೆಲ್ಲ ಎತ್ತಿ ಆಡಿಸಿದವಳು. ಅವಳದೊಂದೂ ಫೋಟೋ ಇರಲಿಲ್ಲ. ನಮ್ಮದು ಶರಣರ ಊರು. ಎಲ್ಲರೂ ಸಮಾನ ಎಂದು ಭಾಷಣ ಬಿಗಿಯುವವರಿಗೆ ಏನೂ ಬರಗಾಲವಿಲ್ಲ. ಮದುವೆಮನೆಯಲ್ಲಿ ಗುಂಪು ಫೋಟೋಕ್ಕೆ ನಿಂತಾಗ ಮಾತ್ರ ಗಂಡ ಸತ್ತವಳನ್ನು ಅದೇ ಮಂದಿ ಪಕ್ಕಕ್ಕೆ ಸರಿಸುತ್ತಾರೆ. ನನ್ನ ಅಕ್ಕನ ಮದುವೆಯಲ್ಲಿ ಹಾಗೇ ಆಯಿತು. “ಬಾಯಾರ, ಜರಾ ಆ ಕಡಿ ಸರೀರಿ” ಎಂದವನು ಇದೇ ಕಾಕಾ. ಆಲ್ಬಮ್ಮಿನ ಆ ಫೋಟೋದ ಅಂಚಿನಲ್ಲಿ ಒಂದು ಬಿಳಿ ಸೆರಗು, ಒಂದು ಬರಿಗೈ ಉಳಿದಿವೆ. ಅಕ್ಕನ ಮದುವೆಗೆಂದು ವಾರಗಟ್ಟಲೆ ರೊಟ್ಟಿ ಬಡಿದ ಕೈ ಅದು.

ಹಾಗಾಗಿ ಅತ್ತಿಗೆ ನನ್ನ ಕಲಿಕೆ ಹಬ್ಬವಾಯಿತು. ಬೆಳಿಗ್ಗೆ ರೊಟ್ಟಿ ಕೆಲಸ ಮುಗಿಸಿ, ಮುಖ ತೊಳೆದು, ವಿಭೂತಿ ಹಚ್ಚಿ ಅಂಗಳದ ಬೇವಿನ ಗಿಡದ ಕೆಳಗೆ ಬಂದು ಕೂಡುತ್ತಿದ್ದಳು. “ಹತ್ರ ಬರಬ್ಯಾಡ, ದೂರದ್ದು ಹಾಕು. ನನ್ನ ಮೂಗು ಮೊದಲೇ ಊರಿಗೆ ದೊಡ್ಡದು” ಎಂದು ನಗುತ್ತಿದ್ದಳು. ನಕ್ಕರೆ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗುತ್ತಿತ್ತು. ಅದು ಲೆನ್ಸಿನಲ್ಲೇ ನನಗೆ ಮೊದಲು ಕಂಡದ್ದು.

ಕಾಕಾ ಕಲಿಸಿದ ಪ್ರಕಾರ ಮನುಷ್ಯರನ್ನು ಚೌಕಟ್ಟಿನ ನಟ್ಟನಡುವೆ ಕೂಡಿಸಬಾರದು, ಒಂದು ಪಾಲು ಪಕ್ಕಕ್ಕಿಡಬೇಕು, ನೋಟದ ಮುಂದೆ ಜಾಗ ಬಿಡಬೇಕು. ಅತ್ತಿಗೆ ಹಾಗೆ ಹೇಳಿದೆ. ನಗು ಥಟ್ಟನೆ ಆರಿತು. “ಎಲ್ರೂ ಅಂಚಿಗೇ ಸರಿಸ್ಯಾರ. ನೀನರ ನಡುವ ಕೂಡ್ಸ ನನ್ನ, ಕೂಸೆ” ಎಂದಳು. ಪಾಠ ಹಾಳಾಗಿ ಹೋಗಲಿ ಎಂದು ನಡುವೆಯೇ ಕೂಡಿಸಿದೆ. ಅಂದಿನಿಂದ ಎಲ್ಲವನ್ನೂ ನಡುವೆಯೇ ತೆಗೆದೆ.

ಆದರೆ ಒಂದೂ ಬರಲಿಲ್ಲ! “ಬೆಳಕು ಹೆಚ್ಚಾಗ್ಯಾದ ತಂಗಿ, ಎಲ್ಲಾ ಸುಟ್ಟಾವ” ಎಂದ ಕಾಕಾ. ಮುಂದಿನ ವಾರ ಲೆನ್ಸಿನ ಬಾಯಿ ಕಿರಿದು ಮಾಡಿದೆ. “ಈಗ ಕಡಿಮಿ ಆಗ್ಯಾದ, ಬರೇ ಕತ್ತಲ” ಎಂದ. ಮತ್ತೆ ತೆರೆದೆ, ಮತ್ತೆ ಮುಚ್ಚಿದೆ. ತೊಳೆದ ರೀಲನ್ನಾದರೂ ತೋರಿಸಿ ಎಂದರೆ, “ಹಾಳಾದ್ದು ನೋಡಿ ಏನ್ ಮಾಡ್ತಿ, ಕಸಕ್ಕ ಹಾಕೀನಿ” ಎನ್ನುತ್ತಿದ್ದ. ಕ್ಯಾಮೆರಾನೇ ಕೆಟ್ಟಿರಬೇಕು ಎಂದು ಮನೆಯಲ್ಲಿ ಗೊಣಗಿದರೆ ಅವ್ವ, “ಕುಣಿಲಾರದಾಕಿ ಅಂಗಳ ಡೊಂಕು ಅಂದಿದ್ಳಂತ” ಎಂದಳು. ನಾನೂ ಅದನ್ನೇ ನಂಬಿದೆ. ಅತ್ತಿ ಮಾತ್ರ ಬಸ್ಸು ಇಳಿದು ಬರುವ ನನ್ನ ಕೈಯನ್ನೇ ನೋಡುತ್ತಿದ್ದಳು, ಲಕೋಟೆ ಇದೆಯೇನೋ ಎಂದು. ಇಲ್ಲದ್ದು ಕಂಡು, “ಇರ್ಲಿ ಬಿಡು, ನಾ ಎಲ್ಲಿ ಓಡಿ ಹೋಗ್ತೀನಿ” ಎನ್ನುತ್ತಿದ್ದಳು.

ಆ ನಡುವೆ ಮದುವೆಗಳಿಗೆ ಕಾಕಾನ ಜೊತೆ ಹೋಗಿ ಫ್ಲ್ಯಾಶ್ ಹಿಡಿಯುತ್ತಿದ್ದೆ. ಅಲ್ಲೊಂದು ಆಟ ನೋಡಿದೆ. ನಮ್ಮದೊಂದು ತೆಗಿರಿ ಎಂದು ಗಂಟುಬಿದ್ದ ನೆಂಟರ ಮುಂದೆ ಕಾಕಾ ಕ್ಯಾಮೆರಾ ಎತ್ತುತ್ತಿದ್ದ, ಬಟನ್ ಒತ್ತದೆ ನನ್ನ ಕೈಯ ಫ್ಲ್ಯಾಶ್ ಒಂದನ್ನೇ ಮಿಂಚಿಸುತ್ತಿದ್ದ. ಅವರು ಟೋಪಿ ಸರಿಮಾಡಿಕೊಂಡು ಖುಷಿಯಿಂದ ಊಟಕ್ಕೆ ಹೋಗುತ್ತಿದ್ದರು. ಇದೇನು ಕಾಕಾ ಎಂದು ಕೇಳಿದ್ದಕ್ಕೆ, “ಮಂದಿಗೆ ಬೇಕಾಗಿದ್ದು ಲೈಟ್, ರೀಲ್ ಅಲ್ಲ” ಎಂದು ಕಣ್ಣು ಹೊಡೆದ. ಊರಿಗೆಲ್ಲ ಟೋಪಿ ಹಾಕುವವನು ಮನೆಯವರಿಗೆ ಹಾಕುವುದಿಲ್ಲ ಎಂಬ ಭ್ರಮೆ ನನಗೆ.

ಮಳೆಗಾಲದ ಕೊನೆಗೆ ಜ್ವರ ಎಂದು ಮಲಗಿದ ಅತ್ತಿ ಮತ್ತೆ ಏಳಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಹೂ ಮುಡಿಸಿ ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಅದಕ್ಕೂ ಮೊದಲು ಮನೆಮಂದಿಯೆಲ್ಲ ಸುತ್ತ ಕೂತು ಫೋಟೋ ತೆಗೆಸುವುದು ರೂಢಿ. ಕ್ಯಾಮೆರಾ ಮನೆಯಲ್ಲೇ ಇತ್ತು. ಎತ್ತಿಕೊಂಡು ಬಂದೆ. ಅಪ್ಪ ಕೈ ಅಡ್ಡ ಹಿಡಿದು, “ನೀ ಬ್ಯಾಡ. ನಿನ್ನ ಕೈಯಾಗ ಬರಂಗಿಲ್ಲ. ಇದೂ ಸುಟ್ಟರ ಆಕಿಂದು ಏನೂ ಉಳಿಯಂಗಿಲ್ಲ” ಎಂದು ಹುಮನಾಬಾದಿಗೆ ಫೋನು ಮಾಡಿಸಿದ.

ಕಾಕಾ ಬಂದ. “ನಡುವ ಸರಿಯಾಗಿ ಕೂಡಸ್ರಿ, ಎಲ್ರೂ ಹತ್ರ ಬರ್ರಿ” ಎಂದ. ಮದುವೆಯಲ್ಲಿ ಅವಳಿಂದ ದೂರ ಸರಿದು ನಿಂತಿದ್ದವರೆಲ್ಲ ಇಂದು ಅವಳ ಹೆಗಲಿಗೆ ಹೆಗಲು ತಾಗಿಸಿ ಕೂತರು. ನನ್ನ ಕೈಗೆ ಫ್ಲ್ಯಾಶ್ ಕೊಟ್ಟ. ಹಿಡಿದು ನಿಂತೆ. ಆ ಫೋಟೋ ಮೂರನೇ ದಿನಕ್ಕೇ ಬಂತು. ಬೆಳಕು ಸರಿ, ಚೌಕಟ್ಟು ಸರಿ, ಎಲ್ಲ ಸರಿ. ಅತ್ತಿಯ ಕಣ್ಣು ಮುಚ್ಚಿದ್ದವು. ಎಷ್ಟೋ ದಿನ ನನ್ನ ಕೈಯನ್ನೇ ಕಡಿದು ಹಾಕಬೇಕು ಅನ್ನಿಸುತ್ತಿತ್ತು. ತಿಂಗಳುಗಟ್ಟಲೆ ನನ್ನೆದುರು ಕೂತ ಜೀವವನ್ನು ಒಂದು ಚೂರು ಕಾಗದಕ್ಕೆ ಇಳಿಸಲಾಗದ ಕೈ ಯಾವ ಮಣ್ಣಿಗೆ ಬೇಕು?

ಮುಂದಿನ ಬೇಸಿಗೆ ಮನ್ನಾಏಖೇಳ್ಳಿಯಲ್ಲಿ ಒಂದು ದೊಡ್ಡ ಮದುವೆ. ಹೆಣ್ಣಿನ ಕೋಣೆಗೆ ನಾನೇ ಹೋಗಬೇಕಾಯಿತು. ಬೀಗರು ಬಂದಿಳಿಯುವ ಗದ್ದಲದಲ್ಲಿ ಕಾಕಾ ನನ್ನ ಕಣ್ಣೆದುರಿಗೇ ಹೊಸ ರೀಲು ಹಾಕಿ ಕ್ಯಾಮೆರಾ ಕೊಟ್ಟ. ಟೇಪು ಹಚ್ಚಲಿಲ್ಲ. ಒಳಗೆ ಹೆಂಗಸರು ಮದುಮಗಳಿಗೆ ದಂಡೆ ಕಟ್ಟುತ್ತಿದ್ದರು. ಒಂದು ತೆಗೆದೆ. ಮುಂದಿನದಕ್ಕೆ ರೀಲು ಸರಿಸುವ ಬಲಗಡೆಯ ಹಿಡಿ ಎಳೆದಾಗ ಎಡಗಡೆಯ ಗುಂಡಿ ತಾನಾಗಿ ಸುತ್ತಿತು.

ಕ್ಯಾಮೆರಾ ಕೆಟ್ಟಿತು ಎಂದುಕೊಂಡೆ. ಮತ್ತೊಂದು ತೆಗೆದೆ, ಮತ್ತೆ ಎಳೆದೆ. ಮತ್ತೆ ಸುತ್ತಿತು. ರೀಲಿನ ಡಬ್ಬಿ ಕೂಡುವುದು ಆ ಗುಂಡಿಯ ಕೆಳಗೇ; ಹಾಕುವಾಗ ಈಗಷ್ಟೇ ನೋಡಿದ್ದೆ. ಒಳಗೆ ರೀಲು ಎಳೆದರೆ ಮೇಲೆ ಗುಂಡಿ ತಿರುಗಲೇಬೇಕು. ಬೇವಿನ ಗಿಡದ ಕೆಳಗೆ ಅದು ಒಮ್ಮೆಯೂ ತಿರುಗಿರಲಿಲ್ಲ. ಬಟನ್ ಸದ್ದು ಮಾಡುತ್ತಿತ್ತು, ಎಣಿಕೆಯ ಅಂಕಿ ಮುಂದೆ ಹೋಗುತ್ತಿತ್ತು, ಆದರೆ ಆ ಗುಂಡಿ ಮಾತ್ರ ಒಂದು ಸಲವೂ ಅಲುಗಿರಲಿಲ್ಲ. ಸುಡುವುದಕ್ಕೆ ಒಳಗೆ ಏನಾದರೂ ಇದ್ದರಲ್ಲವೇ?

ಕೋಣೆಯ ಹೆಂಗಸರು, “ಯಾಕ ತಂಗಿ, ಅಳ್ತಿ ಯಾಕ?” ಎಂದರು. ಕಣ್ಣಿಗೆ ಕಾಡಿಗೆ ಹೋಯಿತು ಎಂದೆ. ರೀಲು ಪೂರ್ತಿ ಮುಗಿಸಿ ಹೊರಗೆ ಬಂದೆ. ಕಾಕಾ ಊಟ ಮುಗಿಸಿ ಎಲೆಅಡಿಕೆ ಹಾಕುತ್ತ ಕೂತಿದ್ದ.

“ಕಾಕಾ, ನೀವು ನನಗ ಕೊಟ್ಟ ಕ್ಯಾಮೆರಾದಾಗ ರೀಲ್ ಇರ್ತಿತ್ತೇನ್ರಿ?”

ನಾಚಿಕೆ ಪಡಲಿಲ್ಲ, ಪುಣ್ಯಾತ್ಮ. “ಕಲಿಯೋರಿಗಿ ಯಾರ ರೀಲ್ ಕೊಡ್ತಾರ? ನಮ್ಮ ಉಸ್ತಾದನೂ ನನಗ ಖಾಲಿ ಕ್ಯಾಮೆರಾನೇ ಕೊಟ್ಟಿದ್ದ. ಕೈ ಕುಂತಾದಲ್ಲ ಈಗ, ಮತ್ತೇನ್?”

“ಹಂಗಿದ್ರ ಸುಟ್ಟಾವ ಅಂತ ಯಾಕ ಅಂದ್ರಿ?”

“ಛಲೋ ಬಂದಾವ ಅಂದಿದ್ರ ನೀ ತೋರಸ್ರಿ ಅಂತಿದ್ದಿ” ಎಂದು ಪಕ್ಕಕ್ಕೆ ಉಗುಳಿದ.

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೇಳಿಬಿಟ್ಟ. ಅತ್ತಿಯ ಹೆಸರು ಎತ್ತಬೇಕೆಂದೆ. ಎತ್ತದೆ ಕ್ಯಾಮೆರಾ ಅವನ ಮುಂದಿಟ್ಟು ಬಂದೆ. ಆ ಮದುವೆಯ ರೀಲಿನಲ್ಲಿ ಒಂದೂ ಕೆಟ್ಟಿರಲಿಲ್ಲ. ಬೀಗರು ಹೊಗಳಿದರು. ಹೊಗಳಿಕೆ ಕೇಳಿದಷ್ಟೂ ನನಗೆ ಉರಿಯಿತು. ಈ ಕೈಗೆ ಇವೆಲ್ಲ ಬಂದವು ಎಂದರೆ ಅವೂ ಬರುತ್ತಿದ್ದವು. ಸಣ್ಣ ಎಡಗಣ್ಣಿನ ಆ ನಗೆ, ನಟ್ಟನಡುವೆ, ಬರುತ್ತಿತ್ತು.

ಮುಂದೆ ನಾನು ಹುಮನಾಬಾದಿನ ಬಸ್ಸು ಹತ್ತಲಿಲ್ಲ. ಎರಡು ಸಾವಿರದ ಇಸವಿಯ ನಂತರ ರೀಲಿಲ್ಲದ ಕ್ಯಾಮೆರಾಗಳೇ ಬಂದವು. ಬಸವಕಲ್ಯಾಣದಲ್ಲಿ ಸಣ್ಣದೊಂದು ಅಂಗಡಿ ಹಾಕಿದೆ. ಗೋಡೆಗೆ ಅತ್ತಿಯ ಫೋಟೋ ತೂಗುಹಾಕಿದೆ, ಅದೇ ಕಣ್ಣು ಮುಚ್ಚಿದ್ದು. ಬೇರೆ ಇದ್ದರಲ್ಲವೇ ಹಾಕಲಿಕ್ಕೆ.

ಒಂದು ದಿನ ಕಾಕಾ ಬಂದ. ಸ್ಟುಡಿಯೋ ಮುಚ್ಚಿ ವರ್ಷಗಳಾಗಿದ್ದವು, ಕೋಲು ಹಿಡಿದಿದ್ದ. ಬ್ಯಾಂಕಿನ ಪಾಸ್‌ಬುಕ್ಕಿಗೆ ಒಂದು ಫೋಟೋ ಬೇಕಂತೆ. ಅಂಗಡಿಯಲ್ಲಿ ನಾಲ್ಕು ಮಂದಿ ಕೂತಿದ್ದರು. “ಇಕಿಗೆ ಕಲಿಸಿದಾಂವ ನಾನೇ ನೋಡ್ರಿ” ಎಂದು ಅವರಿಗೆಲ್ಲ ಕೇಳುವಂತೆ ಹೇಳಿದ. ಸ್ಟೂಲಿನ ಮೇಲೆ ಕೂತು ಗೋಡೆಯ ಕಡೆ ಕೋಲು ಎತ್ತಿ, “ಅದೂ ನನ್ನ ಕೈದೇ. ಹ್ಯಾಂಗ ಬಂದಾದ ನೋಡ್ರಿ, ಕೂದಲ ಎಳಿ ಎಣಸಬೇಕು” ಎಂದ.

ನಾನು ಕ್ಯಾಮೆರಾ ಕಣ್ಣಿಗೆ ಹಚ್ಚಿದ್ದೆ. “ಛಲೋ ಬಂದಾದ ಕಾಕಾ. ಆದರ ಅದರಾಗ ಆಕಿ ಕಣ್ಣು ಮುಚ್ಚ್ಯಾವ” ಎಂದೆ. “ಕಣ್ಣು ತೆರದದ್ದು ನಾ ಭಾಳ ತಗದು ಕೊಟ್ಟೀನಿ ನಿಮಗ. ಅದರಾಗಿಂದು ಒಂದರ ಕೊಡ್ರಿ.”

ಕಾಕಾ ಲೆನ್ಸನ್ನೇ ನೆಟ್ಟಗೆ ನೋಡಿದ.

“ಅವೆಲ್ಲಾ ಸುಟ್ಟಿದ್ದವಲ್ಲ, ತಂಗಿ” ಎಂದ.

ಬಟನ್ ಒತ್ತಿದೆ. ಕಣ್ಣು ಸಹ ಮಿಟುಕಿಸಿರಲಿಲ್ಲ, ಸ್ಪಷ್ಟವಾಗಿ ಬಂತು. ಅದನ್ನೇ ಅಚ್ಚು ತೆಗೆದು, ಕತ್ತರಿಸಿ ಅವನ ಕೈಗೆ ಕೊಟ್ಟೆ.